ಬಣ್ಣ ಬಿಟ್ಟ ಮಣಿ

ಹೊಳೆಯ ದಂಡೆಯಲ್ಲೊಂದು ಸಣ್ಣ ಆಶ್ರಮ. ಅದಕ್ಕೆ ಸೇರಿದ ಒಂದಿಷ್ಟು ಬತ್ತದ ಗದ್ದೆ. ಅಲ್ಲಿದ್ದ ಗುರುಗಳು ಬೊಮ್ಮಯ್ಯನವರು. ಹಿಂದೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದವರು.

ಅವರ ಶಿಷ್ಯೆ ಗಂಗಾಂಬಿಕೆ. ಮಕ್ಕಳಾಗಲಿಲ್ಲವೆಂದು ಅತ್ತೆಮನೆಯವರು ಗಂಡನಿಗೆ ಇನ್ನೊಂದು ಹೆಣ್ಣು ನೋಡಿದಾಗ, ಉಟ್ಟ ಸೀರೆಯಲ್ಲೇ ಹೊರಟು ಬಂದವಳು. ಧ್ಯಾನಕ್ಕೆ ಕೂತರೆ ಅವಳಿಗೆ ಎಲ್ಲೋ ಮಗು ಅತ್ತಂತೆ ಕೇಳುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಅವಳು ಗದ್ದೆಯ ನೀರಲ್ಲಿ ನಿಂತು ಪಾಚಿ ಬಾಚಿ ಬದುವಿನ ಮೇಲೆ ಎಸೆಯುತ್ತಿದ್ದಳು. ಗುರುಗಳು ಬಂದು ನೋಡಿದರು.

"ಏನದು?"

"ಕೊಳೆ, ಗುರುಗಳೇ. ನೀರೆಲ್ಲ ಲೋಳೆಯಾಗಿದೆ."

ಗುರುಗಳು ಪಂಚೆ ಎತ್ತಿಕಟ್ಟಿ ಕೆಸರಿಗಿಳಿದರು. ಎಸೆದ ಪಾಚಿಯನ್ನು ಬೊಗಸೆ ಬೊಗಸೆಯಾಗಿ ಮತ್ತೆ ನೀರಿಗೆ ಬಿಟ್ಟರು.

ಗಂಗಾಂಬಿಕೆಗೆ ತಡೆಯಲಾಗಲಿಲ್ಲ. "ಗುರುಗಳೇ, ನಾನು ನಾಳೆ ಆಚೆ ದಡಕ್ಕೆ ಹೋಗಿ ಇರ್ತೀನಿ. ಅಪ್ಪಣೆ ಕೊಡಿ."

"ಯಾಕೆ ತಾಯಿ?"

"ತಂಗಿ ಶಿವಲೀಲಾ ಬರ್ತಿದ್ದಾಳೆ. ಮಗೂನ ಕರ್ಕೊಂಡು."

"ಒಳ್ಳೇದಾಯ್ತಲ್ಲ."

"ಎಲ್ಲಿ ನೋಡಿದ್ರೂ ಮಕ್ಕಳು, ಗುರುಗಳೇ. ಊರ ತುಂಬ ಮಕ್ಕಳು. ನನ್ನ ಮಡಿಲಿಗೆ ಮಾತ್ರ ಒಂದೂ ಇಲ್ಲ. ಆ ಮಗೂನ ನೋಡಿದ್ರೆ ನನ್ನ ಕೈಲಿ ಆಗಲ್ಲ."

ಗುರುಗಳು ಒಂದು ಚೂರು ಪಾಚಿಯನ್ನು ಅಂಗೈಯಲ್ಲಿ ಹಿಡಿದು ಹೊರಟರು. ಅವಳು ಹಿಂದೆ ಹೋದಳು.

ಅವರ ಕೋಣೆಯ ಕಿಟಕಿಯ ಬಳಿ ಹಳೆಯ ಸೂಕ್ಷ್ಮದರ್ಶಕವಿತ್ತು. ಗಾಜಿನ ಪಟ್ಟಿಯ ಮೇಲೆ ಒಂದು ಎಳೆ ಇಟ್ಟು, "ನೋಡು" ಅಂದರು.

ನೋಡಿದಳು. ಲೋಳೆ ಇರಲಿಲ್ಲ. ಮಣಿಸರ ಇತ್ತು. ನೀಲಿ ಬೆರೆತ ಹಸಿರು ಮಣಿಗಳು, ಒಂದಕ್ಕೊಂದು ಅಂಟಿಕೊಂಡು.

"ಚೆಂದ ಇದೆ."

"ಎಲ್ಲಾ ಹಸಿರಾಗಿದೆಯಾ?"

"ಇಲ್ಲ. ನಡುವೆ ಒಂದು ಬಿಳಿಚಿಕೊಂಡಿದೆ. ಗೋಡೆ ದಪ್ಪ. ಸತ್ತಿದೆಯೇನೋ."

"ಬದುಕಿದೆ. ಬತ್ತದ ಪೈರಿಗೆ ಏನು ಬೇಕು?"

"ಗೊಬ್ಬರ."

"ಗೊಬ್ಬರದಲ್ಲಿ ಇರೋದು ಸಾರಜನಕ. ಅದು ಗಾಳಿ ತುಂಬ ಇದೆ. ಪೈರು ಅದರಲ್ಲೇ ಮುಳುಗಿ ನಿಂತಿದೆ. ಆದ್ರೆ ಅದನ್ನ ಗಾಳಿಯಿಂದ ತಗೊಳ್ಳೋಕೆ ಪೈರಿಗೆ ಬರಲ್ಲ."

ಗಂಗಾಂಬಿಕೆ ಕಣ್ಣು ಮೇಲೆತ್ತಲಿಲ್ಲ.

"ಈ ಬಿಳಿಚಿದ ಮಣಿಗೆ ಬರುತ್ತೆ" ಅಂದರು ಗುರುಗಳು. "ಗಾಳಿಯ ಸಾರಜನಕ ಹಿಡಿದು ಅನ್ನ ಮಾಡುತ್ತೆ. ಅಕ್ಕಪಕ್ಕದ ಮಣಿಗಳು ಅದನ್ನ ತಿಂದು ಬೆಳೀತಾವೆ. ನಾಳೆ ಪಾಚಿ ಕೊಳೆತರೆ ಗದ್ದೆಗೂ ಸಿಗುತ್ತೆ."

"ಹಸಿರು ಮಣಿಗಳೇ ಮಾಡಿಕೊಳ್ಳಬಾರದಾ?"

"ಅವು ಬಿಸಿಲು ಕುಡಿದು ಆಮ್ಲಜನಕ ಬಿಡ್ತಾವೆ. ಆಮ್ಲಜನಕ ತಗಲಿದ್ರೆ ಸಾರಜನಕ ಹಿಡಿಯೋ ಕೆಲಸ ಕೆಡುತ್ತೆ. ಅದಕ್ಕೇ ಸರಕ್ಕೆ ಹಸಿವಾದಾಗ ಒಂದು ಮಣಿ ಆಮ್ಲಜನಕ ಮಾಡೋದನ್ನ ಬಿಡುತ್ತೆ. ಗೋಡೆ ದಪ್ಪ ಮಾಡಿಕೊಳ್ಳುತ್ತೆ. ಬಣ್ಣ ಹೋಗುತ್ತೆ."

"ಆಮೇಲೆ ಮತ್ತೆ ಹಸಿರಾಗುತ್ತಾ?"

"ಇಲ್ಲ. ಹಸಿರು ಮಣಿಗಳು ಒಂದು ಎರಡಾಗಿ ಸರ ಉದ್ದವಾಗುತ್ತೆ. ಇದು ಮಾತ್ರ ಎರಡಾಗಲ್ಲ. ಇದಕ್ಕೆ ಮರಿ ಇಲ್ಲ."

ಅವಳು ಬಹಳ ಹೊತ್ತು ನೋಡಿದಳು.

"ಇದು ಏನು ತಿಂದು ಬದುಕುತ್ತೆ?"

"ಪಕ್ಕದ ಮಣಿಗಳು ಸಕ್ಕರೆ ಕಳಿಸ್ತಾವೆ. ಗೋಡೆ ಎಷ್ಟೇ ದಪ್ಪ ಇದ್ರೂ ಅವುಗಳ ಕಡೆಗೆ ಕಿರಿದಾಗಿ ದಾರಿ ಬಿಟ್ಟಿರುತ್ತೆ."

"ಗುರುಗಳೇ, ಇದಕ್ಕೂ ಆಸೆ ಆಗುತ್ತಾ? ಹಸಿರಾಗಿ ಇರಬೇಕಿತ್ತು ಅಂತ?"

ಗುರುಗಳು ಗಾಜಿನ ಪಟ್ಟಿಯನ್ನು ಮೆಲ್ಲಗೆ ತೆಗೆದರು.

"ಅದನ್ನ ನೋಡೋ ಗಾಜು ನನ್ನ ಹತ್ತಿರ ಇಲ್ಲ ತಾಯಿ."

ಆಚೆ ದಡಕ್ಕೆ ಹೋಗು ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ಮಾರನೆಯ ದಿನ ಗಂಗಾಂಬಿಕೆ ದೋಣಿಯವರೆಗೆ ಹೋಗಿ ವಾಪಸು ಬಂದಳು. ಆದರೆ ಶಿವಲೀಲಾಳ ದನಿ ಕೇಳಿದ್ದೇ ತನ್ನ ಗುಡಿಸಲಿನೊಳಗೆ ಹೋಗಿ ಅಗುಳಿ ಹಾಕಿಕೊಂಡಳು.

"ಅಕ್ಕಾ."

ಅವಳು ಉಸಿರು ಬಿಗಿಹಿಡಿದಳು.

"ಅಕ್ಕಾ, ನೀನು ಒಳಗಿದ್ದೀಯ ಅಂತ ಗೊತ್ತು. ನಿನ್ನ ಸಂಕಟ ನಂಗೆ ಗೊತ್ತಿಲ್ವಾ? ಬರಬಾರದು ಅಂತಲೇ ಇಷ್ಟು ದಿನ ಸುಮ್ಮನಿದ್ದೆ."

ಮಗು ರಚ್ಚೆ ಹಿಡಿದಿತ್ತು. ಶಿವಲೀಲಾ ಹೊರಗೆ ಜಗಲಿಯ ಮೇಲೆ ಕುಸಿದು ಕೂತದ್ದು ಕೇಳಿಸಿತು.

"ಹೆತ್ತಾಗಿಂದ ನಿದ್ದೆ ಇಲ್ಲ ಕಣೇ. ಅಮ್ಮ ಇದ್ದಿದ್ರೆ ಅಲ್ಲಿಗೆ ಹೋಗ್ತಿದ್ದೆ. ನಂಗೆ ನೀನಲ್ದೆ ಯಾರಿದ್ದಾರೆ? ಸ್ವಲ್ಪ ಹೊತ್ತು ಹಿಡ್ಕೋ ಅಕ್ಕ. ಸ್ವಲ್ಪ ಹೊತ್ತು."

ತಂಗಿಯೂ ಅಳತೊಡಗಿದಳು. ಮಗುವಿನ ಅಳು ಯಾವುದು, ತಂಗಿಯದು ಯಾವುದು ಅಂತ ಒಳಗಿದ್ದವಳಿಗೆ ತಿಳಿಯದಾಯಿತು.

ಅಗುಳಿ ತೆಗೆದಳು.

ಮಗು ಅವಳು ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು, ಬೆಚ್ಚಗಿತ್ತು. ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಅತ್ತಿಂದಿತ್ತ ನಡೆದಳು. ಶಿವಲೀಲಾ ಗೋಡೆಗೆ ಒರಗಿದಲ್ಲೇ ಬಾಯಿ ತೆರೆದು ನಿದ್ದೆಹೋದಳು. ಗಂಗಾಂಬಿಕೆ ತನ್ನ ಸೆರಗಿನಿಂದ ತಂಗಿಯ ಮುಖಕ್ಕೆ ಬೀಳುತ್ತಿದ್ದ ಬಿಸಿಲು ಮರೆಮಾಡಿ ನಿಂತಳು.

ಮಗು ಅವಳ ಎದೆಯ ಹತ್ತಿರ ಬಾಯಿ ತಂದು ತಡಕಾಡಿತು. ಏನೂ ಸಿಗದೆ ಅವಳ ಬೆರಳು ಚೀಪಿತು. ಹಾಗೇ ಕಣ್ಣು ಮುಚ್ಚಿತು.

ಅವಳು ಕದಲಲಿಲ್ಲ.

ಸಂಜೆ ಗುರುಗಳೂ ಗಂಗಾಂಬಿಕೆಯೂ ಸೇರಿ ಶಿವಲೀಲಾಳನ್ನೂ ಮಗುವನ್ನೂ ದೋಣಿ ಹತ್ತಿಸಿದರು. ನಿದ್ದೆ ಮಾಡಿ ಎದ್ದ ತಂಗಿಯ ಮುಖ ತಿಳಿಯಾಗಿತ್ತು. ಗಂಗಾಂಬಿಕೆ ನೀರಿನ ಅಂಚಿನಲ್ಲೇ ನಿಂತಿದ್ದಳು. ದೋಣಿ ಕಾಣದಾದ ಮೇಲೂ ಅವಳ ಕೈಗಳು ಮಗುವನ್ನು ಹಿಡಿದಂತೆಯೇ ಮಡಚಿಕೊಂಡಿದ್ದವು.

ಗುರುಗಳು ಪಕ್ಕಕ್ಕೆ ಬಂದು ನಿಂತರು.

"ಮಗೂನ ಎತ್ತಿಕೊಂಡ್ರೆ ಸಂಕಟ ಹಗುರಾಗುತ್ತೆ ಅಂದುಕೊಂಡಿದ್ದೆ, ಗುರುಗಳೇ. ಜಾಸ್ತಿ ಆಯ್ತು."

"ಹಗುರಾಗುತ್ತೆ ಅಂತ ನಾನು ಹೇಳಲಿಲ್ಲ."

"ಇಲ್ಲ, ನೀವು ಹೇಳಲಿಲ್ಲ." ಅವಳು ಕಣ್ಣೊರೆಸಿಕೊಂಡಳು. "ಈಗ ನಾನೇನು ಮಾಡಲಿ?"

"ಹುಣ್ಣಿಮೆಗೆ ಮತ್ತೆ ಬಾ ಅಂತ ಶಿವಲೀಲಾಗೆ ಹೇಳಿದ್ದೀನಿ."