ವಾಲ್ವಿಗೆ ಇಟ್ಟ ಕುಂಕುಮ

“ಏನೋ ವಾಸನೆ. ಅದಕ್ಕೆ ನಮ್ಮೂರಲ್ಲಿ ಒಂದು ಮಾತಿದೆ. ಕ... ಕಮ್... ಥೂ, ಊರು ಬಿಟ್ಟು ಬಂದಮೇಲೆ ನಾಲಿಗೆಗೇ ಬರಲ್ಲ,” ಎಂದರು ತಿರುಮಲಮ್ಮ.

“ಕಮಟಾ, ಅಮ್ಮ?” ಎಂದಳು ಶಿಷ್ಯೆ ರತ್ನಾವತಿ.

“ಹೂಂ, ಕಮಟು. ಹಳೇ ಎಣ್ಣೆಯ ಕಮಟು.”

ವಾಲ್ವಿನ ಕಡೆ ಚಾಚಿದ್ದ ರತ್ನಾವತಿಯ ಕೈ ಅಲ್ಲೇ ನಿಂತಿತು.

ಹೊಳೆದಂಡೆಯ ಆಶ್ರಮಕ್ಕೊಂದು ಆಸ್ಪತ್ರೆ. ಅದರ ಹಿಂದಿನ ಶೆಡ್ಡಿನಲ್ಲಿ ಸಿಲಿಂಡರುಗಳಿಗೆ ಆಮ್ಲಜನಕ ತುಂಬುವುದು ತಿರುಮಲಮ್ಮನವರ ಕೆಲಸ. ಕಣ್ಣು ಮಂಜಾಗಿದ್ದರೂ ಮೂಗು ಚುರುಕು. ವರ್ಷಗಟ್ಟಲೆ ಅವರ ಪಕ್ಕದಲ್ಲಿ ನಿಂತು ಕಲಿತ ರತ್ನಾವತಿ ಇಂದು ಮೊದಲ ಬಾರಿ ತಾನೇ ತುಂಬುವವಳಿದ್ದಳು. ಅದೂ ಆಯುಧಪೂಜೆಯ ದಿನ.

‘ದೀಪದ ಎಣ್ಣೆ ಇರಬೇಕು’ ಎಂಬ ಮಾತು ತುಟಿಯವರೆಗೆ ಬಂತು. ಅಂದುಬಿಟ್ಟರೆ ಕೆಲಸ ಕೈತಪ್ಪದು.

ಅವಳು ಕೈ ಹಿಂದಕ್ಕೆ ತೆಗೆದಳು.

“ನಾನೇ, ಅಮ್ಮ. ಕುಂಕುಮ ಉದುರಬಾರದು ಅಂತ, ಶೀಶೆಯ ತಳದಲ್ಲಿದ್ದ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ವಾಲ್ವುಗಳಿಗೆ ಇಟ್ಟೆ.”

ತಿರುಮಲಮ್ಮ ಕೂಗಾಡಲಿಲ್ಲ. ಕಂಪ್ರೆಸರಿನ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡರು.

“ಎಣ್ಣೆ, ಗ್ರೀಸು ಇದರ ಹತ್ತಿರ ಸುಳಿಯಬಾರದು ಅಂತ ಹೇಳಿರಲಿಲ್ಲವಾ?”

“ಹೇಳಿದ್ದಿರಿ. ಪೂಜೆಯ ಎಣ್ಣೆಯೂ ಅದೇ ಅಂತ ಹೊಳೆಯಲಿಲ್ಲ.”

“ಒತ್ತಿ ತುಂಬುವ ಆಮ್ಲಜನಕಕ್ಕೆ ಪೂಜೆಯೆಣ್ಣೆ ಯಾವುದು, ಗಾಡಿಯೆಣ್ಣೆ ಯಾವುದು ಅಂತ ಗೊತ್ತಾಗಲ್ಲ, ಮಹರಾಯ್ತಿ. ಬೆಂಕಿಕಡ್ಡಿಯೂ ಬೇಕಿಲ್ಲ. ರಭಸಕ್ಕೆ ತಾನಾಗಿ ಹತ್ತಿಕೊಳ್ಳುತ್ತೆ. ನೀನೂ ಇರಲ್ಲ, ನಾನೂ ಇರಲ್ಲ.”

ರತ್ನಾವತಿ ನೆಲದ ಮೇಲೆಯೇ ಕುಳಿತಳು.

“ವಾರ್ಡಿನಲ್ಲಿ ಇರೋರಿಗೆ?”

“ನಿನ್ನೆ ತುಂಬಿ ಕಳಿಸಿದ್ದು ನಾಳೆಯವರೆಗೂ ಸಾಕು. ಮೊದಲು ನೀನು ಉಸಿರು ಬಿಡು.”

ಬಿಟ್ಟಳು. ಬಿಟ್ಟ ಉಸಿರಿನ ಜೊತೆಗೇ ಅಳು ಬಂತು, ಅಳುವಿನ ನಡುವೆ ನಗು.

“ಹಾಗಾದರೆ ಇವಕ್ಕೆ ಪೂಜೆ ಮಾಡೋದು ಹೇಗೆ, ಅಮ್ಮ?”

ತಿರುಮಲಮ್ಮ ಅವಳನ್ನು ನಲ್ಲಿಯ ಬಳಿಗೆ ಕರೆದೊಯ್ದರು. ಸಾಬೂನು ಕೊಟ್ಟರು. ಮೊಳಕೈವರೆಗೆ ತೊಳೆಸಿದರು. ಒಣಗಿದ ಮಡಿ ಬಟ್ಟೆ ಕೊಟ್ಟು, “ಒರೆಸಿಕೋ. ಆಯಿತು ಪೂಜೆ,” ಎಂದರು.

ಅಷ್ಟರಲ್ಲಿ ಅಜ್ಜಿಯನ್ನು ಊಟಕ್ಕೆ ಕರೆಯಲು ಮೊಮ್ಮಗಳು ಇಳಾ ಬಂದಳು. ತಿರುಮಲಮ್ಮ ಅವಳ ಕೈಗೊಂದು ರಟ್ಟು, ಸೀಮೆಸುಣ್ಣ ಕೊಟ್ಟರು. ಕುಂಕುಮ ಇಟ್ಟಿದ್ದ ಸಿಲಿಂಡರುಗಳನ್ನು ಬಿಗಿದಿದ್ದ ಸರಪಳಿಗೆ ತೂಗಿಬಿಡಲು.

ರತ್ನಾವತಿ ತಲೆ ತಗ್ಗಿಸಿದಳು. “ನನ್ನ ಹೆಸರನ್ನೂ ಬರೆಯಲಿ, ಅಮ್ಮ. ಇಂಥ ಕೆಲಸ ಮಾಡಿದವಳು ಯಾರು ಅಂತ ಎಲ್ಲರಿಗೂ ಗೊತ್ತಾಗಲಿ.”

ತಿರುಮಲಮ್ಮ ಮೊಮ್ಮಗಳ ಕಡೆ ತಿರುಗಿದರು.

“ಬರಿ ಕೂಸೇ, ‘ಎಣ್ಣೆ ತಾಗಿದೆ, ತುಂಬಬೇಡಿ.’ ಕೆಳಗೆ ಇವಳ ಹೆಸರು ಹಾಕು. ತಡೆದವಳು ಅಂತ.”