ಕೂಸನ್ನು ಎತ್ತಿಕೊಂಡ ಗೊಂಬೆ

“ಮಾಸ್ತರ, ನಾಟಕಾನ ತೆರಿ ಮ್ಯಾಲೆ ತರೂವಾಗ ಏನು ಬದಲು ಮಾಡಬಹುದು, ಏನು ಮಾಡಬಾರದು?”

ಕೇಳಿದವಳು ರೋಹಿಣಿ. ಫಕೀರಪ್ಪ ಮಾಸ್ತರರ ಕೈಯಲ್ಲಿ ನಾಟಕ ಕಲಿತವಳು. ಈಗ ಸಿನಿಮಾ ಮಾಡುತ್ತಿದ್ದಳು. ಮಾಸ್ತರರು ನಾಟಕ ಕಂಪನಿಯಲ್ಲಿ ನಲವತ್ತು ವರ್ಷ ತಾಯಿಯ ಪಾತ್ರ ಮಾಡಿದ ಕೂಸಿನ ನಾಟಕವನ್ನೇ ಅವಳು ಆರಿಸಿಕೊಂಡಿದ್ದಳು.

ಆ ನಾಟಕದಲ್ಲಿ ಕಾಯಿಲೆ ಬಿದ್ದ ತಾಯಿಯೊಬ್ಬಳು ತನ್ನ ಎಳೆಗೂಸನ್ನು ಹೊತ್ತುಕೊಂಡು ಐದು ಮನೆಗಳ ಬಾಗಿಲು ತಟ್ಟುತ್ತಾಳೆ. ಐದೂ ಬಾಗಿಲು ಮುಚ್ಚುತ್ತವೆ. ಆಗ ಅವಳು ರಂಗದಿಂದ ಇಳಿದು ಜನರ ನಡುವೆ ಬರುತ್ತಾಳೆ. ಬಟ್ಟೆಯ ಕೂಸನ್ನು ಮುಂದಕ್ಕೆ ಚಾಚಿ, “ಈ ಕೂಸು ಯಾರದು?” ಎಂದು ಕೇಳುತ್ತಾಳೆ. ನೋಡುವವರಲ್ಲಿ ಯಾರಾದರೂ ಒಬ್ಬರು ಎದ್ದು ಬಂದು ಅದನ್ನು ಕೈಗೆ ತೆಗೆದುಕೊಳ್ಳುವವರೆಗೆ ಮಂಗಳ ಹಾಡುವಂತಿಲ್ಲ. ಅದು ಕಂಪನಿಯ ಕಟ್ಟಳೆ. ಒಂದೂರಿನಲ್ಲಿ ಯಾರೂ ಏಳದೆ ಮಾಸ್ತರರು ಸೀರೆಯುಟ್ಟುಕೊಂಡು ಒಂದು ತಾಸು ಹಾಗೆಯೇ ನಿಂತಿದ್ದರಂತೆ. ಕೊನೆಗೆ ಅಜ್ಜಿಯೊಬ್ಬಳು ಬೈಯುತ್ತಲೇ ಎದ್ದು ಬಂದು ಕೂಸನ್ನು ಇಸಿದುಕೊಂಡಳಂತೆ.

ಸಿನಿಮಾದ ತೆರೆಯಿಂದ ಯಾವ ತಾಯಿಯೂ ಇಳಿದು ಬರಲಾರಳು. ಆದ್ದರಿಂದ ರೋಹಿಣಿ ಶಾಲೆಯಲ್ಲಿ ಕಲಿಸುವ ಅಕ್ಕೋರ ಪಾತ್ರವೊಂದನ್ನು ಸೇರಿಸಿದ್ದಳು. ಕೊನೆಯಲ್ಲಿ ಆ ಅಕ್ಕೋರು ಓಡಿಬಂದು ಕೂಸನ್ನು ಎತ್ತಿಕೊಳ್ಳುತ್ತಾರೆ. ನಿರ್ಮಾಪಕರಿಗೆ ಅದು ಬಹಳ ಹಿಡಿಸಿತ್ತು. ಕಂಪನಿಯ ಹಳಬರಿಗೆ ತೋರಿಸಿದಾಗ ಅವರೂ ಕಣ್ಣೊರೆಸಿಕೊಂಡರು. ಆಮೇಲೆ, ಚಹಾ ಎಲ್ಲಿ ಎಂದು ಕೇಳಿದರು. ಆವತ್ತಿನಿಂದ ಅವಳಿಗೆ ಅನ್ನ ಸೇರಿರಲಿಲ್ಲ. ಎಲ್ಲರೂ ಹೊಗಳಿದ್ದರು, ಆದರೂ ಗುರುವಿನ ನಾಟಕವನ್ನು ಎಲ್ಲಿಯೋ ಕೆಡಿಸಿದೆನೆಂಬ ಅಂಜಿಕೆ ಅವಳನ್ನು ಬಿಟ್ಟಿರಲಿಲ್ಲ. ಎಲ್ಲಿ ಎಂಬುದು ತಿಳಿಯುತ್ತಿರಲಿಲ್ಲ.

ಮಾಸ್ತರರು ಎಲೆಗೆ ಸುಣ್ಣ ಹಚ್ಚುತ್ತ ನಕ್ಕರು.

“ಅದನ್ನ ತೆರಿ ಮ್ಯಾಲೆ ತಂದಾಕಿ ನೀನ ಮೊದಲನೇದಾಕಿ ಅಂತ ತಿಳಕೊಂಡೀಯೇನು? ನಿನಗಿಂತ ಮೊದಲ ಒಬ್ಬಾಂವ ತಂದಿದ್ದ. ಕೇಳು,” ಎಂದು ಕತೆ ತೆಗೆದರು.

ಒಬ್ಬ ತೊಗಲುಗೊಂಬೆ ಆಡಿಸುವವನಿದ್ದ. ಹೆಂಡತಿ, ಮೊಲೆ ಕುಡಿಯುವ ಒಂದು ಹೆಣ್ಣುಕೂಸು, ಒಂದು ಗೊಂಬೆಯ ಪೆಟ್ಟಿಗೆ, ಇಷ್ಟೇ ಅವನ ಸಂಸಾರ. ಊರೂರು ತಿರುಗುವಾಗ ಎಲ್ಲಿಯೋ ಈ ಕೂಸಿನ ನಾಟಕ ನೋಡಿದ. ಮನಸ್ಸು ಕರಗಿ ನೀರಾಯಿತು. ಇದನ್ನು ತನ್ನ ತೆರೆಯ ಮೇಲೂ ಆಡಿಸಬೇಕು ಅಂದುಕೊಂಡ. ಆಡಿನ ಚರ್ಮ ತಂದ, ಹೆರೆದ, ಕೊರೆದ, ಬಣ್ಣ ಹಾಕಿದ. ತಾಯಿಯಾದಳು, ಕೂಸಾಯಿತು, ತೆರೆದು ಮುಚ್ಚುವ ಐದು ಬಾಗಿಲುಗಳಾದವು. ಕೊನೆಗೆ ಬಂದಾಗ ಕೈ ನಿಂತಿತು. ತೆರೆಯ ಹಿಂದಿರುವ ಗೊಂಬೆ ಜನರ ನಡುವೆ ಹೋಗುವುದು ಹೇಗೆ?

ಹೆಂಡತಿಗೆ ಹೇಳಿದ: “ಅದಕ್ಯಾಕ ಇಷ್ಟು ಚಿಂತಿ? ಎತ್ತಿಕೊಳ್ಳಾಕೂ ಒಂದು ಗೊಂಬಿ ಮಾಡಿದರಾತು.”

ಒಬ್ಬ ವ್ಯಾಪಾರಿಯ ಗೊಂಬೆ ಮಾಡಿದ. ಜನ್ಮದಲ್ಲಿ ಅಷ್ಟು ಚಂದದ ಗೊಂಬೆಯನ್ನು ಅವನು ಮಾಡಿರಲಿಲ್ಲ. ಬೆರಳು ಬೆರಳಿಗೂ ಗೆಣ್ಣು ಕೂಡಿಸಿದ್ದ. ಕಡ್ಡಿಯನ್ನು ಸ್ವಲ್ಪ ಅಲುಗಿಸಿದರೆ ಸಾಕು, ವ್ಯಾಪಾರಿ ಬಾಗುತ್ತಿದ್ದ, ಕೂಸನ್ನು ಎತ್ತಿ ಎದೆಗೆ ಅವಚಿಕೊಳ್ಳುತ್ತಿದ್ದ. ನೋಡಿದವರು ಬಿಕ್ಕಿ ಬಿಕ್ಕಿ ಅತ್ತರು. ಮಂಗಳ ಹಾಡಿದ ಮೇಲೆ ಕಣ್ಣೊರೆಸಿಕೊಂಡು ಹಗುರಾಗಿ ಮನೆಗೆ ಹೋದರು. ಹತ್ತೂರಿಗೆ ಅವನ ಹೆಸರು ಹಬ್ಬಿತು. ಅವನ ತಲೆಗೂ ಸಣ್ಣ ಕೋಡು ಮೂಡಿತು. ನಾಟಕದವರು ಜನರ ಮುಂದೆ ಕೈಯೊಡ್ಡಿ ನಿಲ್ಲಬೇಕು, ತನ್ನ ಆಟಕ್ಕೆ ಆ ಕರ್ಮವಿಲ್ಲ ಎಂದು ಹೇಳಿಕೊಂಡು ತಿರುಗಿದ.

ಒಂದು ದಿನ ಹೊಳೆದಂಡೆಯ ಊರೊಂದಕ್ಕೆ ಬಂದರು. ಸಂಜೆ ಆಟವಾಯಿತು. ಊರಿಗೆ ಊರೇ ಅತ್ತಿತು. ಬೆಳಗಾಗುವಷ್ಟರಲ್ಲಿ ಹೆಂಡತಿಯ ಮೈ ಕೆಂಡವಾಗಿತ್ತು. ಕರೆದರೆ ಓ ಅನ್ನಲಿಲ್ಲ. ವೈದ್ಯನಿದ್ದದ್ದು ಹೊಳೆಯಾಚೆ. ಹೊಳೆಯಲ್ಲಿ ಎದೆಮಟ್ಟದ ನೀರು. ಕೂಸನ್ನು ಹೊತ್ತು ದಾಟುವಂತಿಲ್ಲ, ಎಚ್ಚರವಿಲ್ಲದವಳ ಬಳಿ ಬಿಟ್ಟು ಹೋಗುವಂತೆಯೂ ಇಲ್ಲ. ತಡಮಾಡಿದರೆ ಹೆಂಡತಿ ಉಳಿಯುವುದಿಲ್ಲ. ಅವನು ಕೂಸನ್ನು ಎತ್ತಿಕೊಂಡು ಊರೊಳಗೆ ಓಡಿದ.

ಮೊದಲನೆಯ ಮನೆ ಒಬ್ಬ ರೈತನದು. ಎಮ್ಮೆ ಈಯಲು ನಿಂತಿತ್ತು, ಅವನಿಗೆ ಕೈ ಬಿಡುವಿರಲಿಲ್ಲ. ಎರಡನೆಯ ಮನೆಯವಳು ಜಾತಿ ಕೇಳಿ ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ಮೂರನೆಯ ಮನೆಯವರು ತಾಯಿಯ ಜ್ವರ ತಮ್ಮ ಮಕ್ಕಳಿಗೆ ಅಂಟೀತೆಂದು ಹೆದರಿದರು. ಕೆಟ್ಟವರೇನಲ್ಲ. ಮೂರೂ ಮನೆಯವರು ಅಯ್ಯೋ ಪಾಪ ಅಂದರು.

ನಾಲ್ಕನೆಯ ಮನೆ ಒಬ್ಬ ವ್ಯಾಪಾರಿಯದು. ನಿನ್ನೆ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ಅತ್ತವನು ಅವನೇ. ಗೊಂಬೆಯವನಿಗೆ ಜೀವ ಬಂದಂತಾಯಿತು. ನಡೆದದ್ದನ್ನೆಲ್ಲ ಹೇಳಿದ.

ವ್ಯಾಪಾರಿ ಅವನ ಭುಜ ಹಿಡಿದುಕೊಂಡ. “ನಿನ್ನಿ ಏನ್ ಆಟಾ ಆಡಿಸಿದ್ಯೋ ಮಾರಾಯಾ! ಆ ಕೂಸಿನ ಗತಿ ಏನಾಗತೈತೋ ಅಂತ ಜೀವಾ ಕೈಯಾಗ ಹಿಡಕೊಂಡು ಕೂತಿದ್ದೆ. ಆ ಪುಣ್ಯಾತ್ಮ ಬಂದು ಎತ್ತಿಕೊಂಡ ನೋಡು, ಆಗ ಸಮಾಧಾನಾತು. ಮನೀಗೆ ಬಂದು ಹಾಯಾಗಿ ಮಲಕೊಂಡೆ.”

ಅಂಗಡಿ ತೆಗೆಯುವ ಹೊತ್ತಾಗಿತ್ತು. ಬೆಣ್ಣೆಯೊಳಗಿನ ಕೂದಲು ತೆಗೆದಷ್ಟು ನಯವಾಗಿ ಅವನು ಮಾತು ಮುಗಿಸಿದ. ಮುಂದಿನ ಮನೆಯಲ್ಲಿ ಕೇಳಿ ನೋಡು ಎಂದು ಬಾಗಿಲು ಎಳೆದುಕೊಂಡ.

ಗೊಂಬೆಯವ ಆ ಬಾಗಿಲಿನ ಮುಂದೆಯೇ ನಿಂತ. ಆ ಬಾಗಿಲನ್ನು ಅವನು ಬಲ್ಲ. ತನ್ನ ಕೈಯಾರೆ ತೊಗಲಿನಲ್ಲಿ ಕೊರೆದು ಮಾಡಿದ್ದ. ಊರವರ ಮೇಲೆ ಸಿಟ್ಟು ಬರಬೇಕಾಗಿತ್ತು, ಬಂದದ್ದು ನಾಚಿಕೆ. ಕೂಸು ಹಸಿದು ಅಳುತ್ತಿತ್ತು. ಅವನೂ ಅತ್ತ.

ಐದನೆಯ ಮನೆ ಊರ ಹೊರಗೆ, ಒಬ್ಬ ಮುದಿ ಕುಂಬಾರತಿಯದು. ಅಲ್ಲಿ ಬಾಗಿಲು ತಟ್ಟಲು ಅವನಿಗೆ ಕೈಯೇ ಏಳಲಿಲ್ಲ. ಕೂಸಿನ ಅಳು ಕೇಳಿ ಅವಳೇ ಹೊರಗೆ ಬಂದಳು. ಮೊಣಕೈವರೆಗೆ ಬೂದಿ ಮೆತ್ತಿತ್ತು. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದವು.

“ಗೊಂಬಿ ಆಡಿಸಿದಾಂವ ನೀನ ಹೌದಲ್ಲೋ?” ಅಂದಳು. “ನಿನ್ನಿ ಆಟದಾಗ ಆ ತಾಯಿ ಕೂಸು ಚಾಚಿಕೊಂಡು ನಿಂತಿದ್ಲು. ಅಷ್ಟರಾಗ ನಾ ಎದ್ದು ಬಂದೆ. ಗಡಿಗಿ ಸುಡಾಕ ಬೆಂಕಿ ಹಾಕಿ ಬಂದಿದ್ದೆ, ನೋಡಾವರು ಯಾರೂ ಇದ್ದಿಲ್ಲ. ರಾತ್ರಿಯೆಲ್ಲಾ ಕಣ್ಣಿಗೆ ಕಣ್ಣು ಹತ್ತಲಿಲ್ಲ ನೋಡು. ಆ ಕೂಸು ಏನಾತೋ ಯಪ್ಪಾ?”

ಅವಳು ಅವನ ತೋಳಿನಲ್ಲಿದ್ದುದನ್ನು ನೋಡಿದಳು. ಎರಡೂ ಕೈಗಳನ್ನು ಸೀರೆಗೆ ಒರೆಸಿಕೊಂಡಳು. ಅವನು ಕೇಳುವ ಮೊದಲೇ ಕೂಸನ್ನು ಸೆರಗಿನೊಳಗೆ ತೆಗೆದುಕೊಂಡಳು. ಯಾರ ಕೂಸು, ಯಾವ ಜಾತಿ, ಎಷ್ಟು ಹೊತ್ತು ಎಂದು ಕೇಳಲಿಲ್ಲ. ಮನೆಯಲ್ಲಿ ಆಡಿನ ಹಾಲಿದೆ, ನೀನು ಹೋಗು ಅಂದಳು. ಅವನು ಹೊಳೆಗೆ ಇಳಿದ.

ವೈದ್ಯ ಬಂದ. ಹೆಂಡತಿ ಉಳಿದಳು. ಎಂಟು ದಿನ ಕುಂಬಾರತಿಯ ಪಡಸಾಲೆಯಲ್ಲಿಯೇ ಮಲಗಿ ಎದ್ದಳು. ಎಂಟು ದಿನವೂ ಕೂಸು ಆ ಮುದುಕಿಯ ಮಡಿಲು ಬಿಟ್ಟು ಇಳಿಯಲಿಲ್ಲ.

ಗೊಂಬೆಯಾಡಿಸುವವರಲ್ಲಿ ಒಂದು ಪದ್ಧತಿಯುಂಟು. ಹಳತಾಗಿ ಹರಿದುಹೋದ ಗೊಂಬೆಯನ್ನು ಅವರು ಬಿಸಾಡುವುದಿಲ್ಲ. ಮನೆಯವರೇ ತೀರಿಕೊಂಡಂತೆ ಪೂಜೆ ಮಾಡಿ ಹೊಳೆಗೆ ಬಿಡುತ್ತಾರೆ. ಬಣ್ಣ ಮಾಸದ ಗೊಂಬೆಯನ್ನು ಯಾರೂ ಬಿಟ್ಟದ್ದಿಲ್ಲ. ಊರು ಬಿಡುವ ದಿನ ಅವನು ವ್ಯಾಪಾರಿಯ ಗೊಂಬೆಯನ್ನು ಪೆಟ್ಟಿಗೆಯಿಂದ ತೆಗೆದ. ಕುಂಕುಮ ಹಚ್ಚಿದ, ಕೈಮುಗಿದ, ನೀರಿಗೆ ಬಿಟ್ಟ. ಅಷ್ಟು ಚಂದದ್ದು ಹೋಯಿತಲ್ಲ ಎಂದು ಹೆಂಡತಿ ಅತ್ತಳು. ಆದರೆ ಬೇಡವೆನ್ನಲಿಲ್ಲ.

ಮಾಸ್ತರರು ಎಲೆಯನ್ನು ಮಡಿಚಿ ಬಾಯಿಗೆ ಹಾಕಿಕೊಂಡರು. ಕತೆ ಅಲ್ಲಿಗೇ ಮುಗಿದಿತ್ತು.

ರೋಹಿಣಿ ತಡೆಯಲಾರದೆ ಕೇಳಿದಳು: “ಅಕ್ಕೋರನ್ನ ತಗದ ಬಿಡತೇನ್ರಿ. ಆದರ ಕಡೀಗೆ ಏನೂ ತೋರಿಸದಿದ್ರ, ಪಿಕ್ಚರ್ ಅರ್ಧಾ ಆತು ಅಂತ ಮಂದಿ ಬೈದುಕೊಂಡು ಎದ್ದು ಹೋಗತಾರ. ನಾ ಎಲ್ಲೀತನಕ ತೋರಸಬೇಕ್ರಿ, ಮಾಸ್ತರ?”

ನಲವತ್ತು ವರ್ಷ ಬಟ್ಟೆಯ ಕೂಸನ್ನು ಹೊತ್ತ ಕೈಯನ್ನು ಮಾಸ್ತರರು ಅವಳ ತಲೆಯ ಮೇಲಿಟ್ಟರು.

“ಕುಂಬಾರತಿ ನೋಡಿದಷ್ಟು ತೋರಿಸು, ಮಗಳ.”