ಡೊಂಕು ಸಾಲಿನ ಹೊಲ

ಚನ್ನವೀರ ಕೇಳಿದ: “ಗುರುಗಳೇ, ನೂರು ಪದ್ಯಗಳನ್ನು ನಾನು ಎಲ್ಲೂ ತಡೆಯದೆ ಒಪ್ಪಿಸುತ್ತೇನೆ. ಕಾಳವ್ವ ಮಠದ ಅಂಗಳ ಗುಡಿಸುತ್ತ ಅಕ್ಷರ ಕಲಿತವಳು. ಹತ್ತು ಪದ್ಯ ಹೇಳುವುದರೊಳಗೆ ನಾಲ್ಕು ಕಡೆ ನಿಲ್ಲುತ್ತಾಳೆ. ಆದರೂ ಊರಿನವರು ಕಷ್ಟ ಬಂದಾಗ ಅವಳ ಮಾತು ಕೇಳಲು ಹೋಗುತ್ತಾರೆ. ನನ್ನ ಹತ್ತಿರ ಬರುವುದಿಲ್ಲ. ಇದು ಯಾಕೆ?”

ಗುರುಗಳು ಅವನನ್ನು ಕೂರಿಸಿ ಈ ಕತೆ ಹೇಳಿದರು.

‘ಹೊಲ ಮಾಡುವುದು ನಿನ್ನಿಂದ ಆಗುವ ಕೆಲಸವಲ್ಲ’ ಎಂದು ಒಬ್ಬ ರೈತ ಹೆಂಗಸಿಗೆ ಮೊದಲು ಹೇಳಿದವನು ಅವಳ ಭಾವ, ಗಂಡನ ಅಣ್ಣ. ಗಂಡ ತೀರಿಹೋದ ವರ್ಷವೇ ಅವಳು ತನ್ನ ಪಾಲು ಕೇಳಿದಳು. ಸಮನಾದ ಕಪ್ಪು ಎರೆಮಣ್ಣಿನ ಹೊಲವನ್ನು ಭಾವ ತಾನಿಟ್ಟುಕೊಂಡು, ಇಳಿಜಾರಿನ ಎಂಟು ಎಕರೆಯನ್ನು ಅವಳಿಗೆ ತೋರಿಸಿದ. ಹಿರಿಯರ ಮುಂದೆ ಒಂದು ಕಟ್ಟಳೆಯನ್ನೂ ಹಾಕಿದ. ಮೂರನೆಯ ಸುಗ್ಗಿಯೊಳಗೆ ಆ ಹೊಲದ ಜೋಳದಿಂದ ಅವಳು ತನ್ನ ಹಗೇವು ತುಂಬಿಸಬೇಕು. ಹಗೇವು ಎಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿ, ಅವಳದು ಆಳೆತ್ತರದ್ದು. ತುಂಬಿದರೆ ಹೊಲ ಅವಳದು, ಒಲೆ ಅವಳದು. ತುಂಬದಿದ್ದರೆ ಹೊಲ ಬಿಟ್ಟುಕೊಟ್ಟು ಭಾವನ ಮನೆಯಲ್ಲಿ ರೊಟ್ಟಿ ಬಡಿದುಕೊಂಡಿರಬೇಕು.

ಆ ಊರಿನಲ್ಲಿ ಗಂಡಸಿನ ಬೆಲೆ ಅವನ ನೇಗಿಲ ಸಾಲಿನಲ್ಲಿತ್ತು. ಹೊಲದ ತಲೆಯಿಂದ ಹಳ್ಳದವರೆಗೆ ಹುರಿ ಎಳೆದ ಹಾಗೆ ನೆಟ್ಟಗೆ ಸಾಲು ಹೊಡೆದವನೇ ರೈತ. ಹೆಣ್ಣು ಕೊಡುವವರು ಮನೆ ನೋಡುವ ಮೊದಲು ಸಾಲು ನೋಡುತ್ತಿದ್ದರು. ಅವಳೂ ಮೊದಲ ವರ್ಷ ಒಬ್ಬ ಆಳನ್ನು ಕರೆದು ಹಾಗೆಯೇ ಹೊಡೆಸಿದಳು. ಸಾಲು ನೋಡಿ ಭಾವನೂ ತಲೆದೂಗಿದ. ಮಳೆ ಚೆನ್ನಾಗಿ ಬಂತು. ಪ್ರತಿ ಸಾಲೂ ಒಂದು ಕಾಲುವೆಯಾಯಿತು. ನೀರು ಮಣ್ಣನ್ನೂ ಕರೆದುಕೊಂಡು ಹಳ್ಳಕ್ಕೆ ಹೋಯಿತು. ಜೋಳ ಮೊಣಕಾಲೆತ್ತರಕ್ಕೆ ಬಂದು ಒಣಗಿತು.

ಒಣಗಿದ ಹೊಲದಲ್ಲಿ ಅವಳು ಒಂದೇ ಒಂದು ತೆನೆ ಕಂಡಳು. ಎಲ್ಲಿಂದಲೋ ಉರುಳಿದ ಕಲ್ಲೊಂದು ಸಾಲಿಗೆ ಅಡ್ಡ ಬಿದ್ದಿತ್ತು. ಕಲ್ಲಿನ ಹಿಂದೆ ಗೇಣು ಮಣ್ಣು ಕೂತಿತ್ತು. ಆ ಮಣ್ಣಿನಲ್ಲಿ ನಿಂತ ದಂಟು ತೆನೆ ಕಟ್ಟಿತ್ತು. ಅವಳು ಕಲ್ಲು ಎತ್ತಿ ನೋಡಿದಳು. ಅಡಿಯಲ್ಲಿ ನೆಲ ಇನ್ನೂ ತಣ್ಣಗಿತ್ತು. ಕಲ್ಲನ್ನು ಇದ್ದಲ್ಲಿಯೇ ಇಟ್ಟು ಮನೆಗೆ ಬಂದಳು.

ಮರುವರ್ಷ ಮೊದಲ ಮಳೆಗೆ ಊರೆಲ್ಲ ಒಳಗೆ ಕೂತಿದ್ದಾಗ ಅವಳು ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹೊಲದಲ್ಲಿ ನಿಂತಳು. ನೀರು ಎಲ್ಲಿ ಓಡುತ್ತದೆ, ಎಲ್ಲಿ ನಿಧಾನಿಸುತ್ತದೆ ಎಂದು ನೋಡಿ ಗೂಟ ನೆಟ್ಟಳು. ಗೂಟಗಳು ಇಳಿಜಾರಿಗೆ ಅಡ್ಡವಾಗಿ, ನೆಲ ಬಾಗಿದ ಕಡೆ ತಾವೂ ಬಾಗುತ್ತ ಹೋದವು. ಹೀಗೇ ಹೊಡಿ ಎಂದು ಆಳಿಗೆ ಹೇಳಿದಳು. ಅವನು ನೇಗಿಲು ಕೆಳಗಿಟ್ಟ.

“ಯವ್ವಾ, ಈ ಸಾಲು ನಾ ಹೊಡದೆ ಅಂತ ಗೊತ್ತಾದ್ರ ನನ್ನ ಮಗನಿಗೆ ಹೆಣ್ಣು ಕೊಡೋರಿಲ್ಲ.”

ಹೆಂಗಸು ನೇಗಿಲು ಮುಟ್ಟದ ಊರಿನಲ್ಲಿ ಅವಳು ತಾನೇ ಮೇಣಿ ಹಿಡಿದಳು. ಹತ್ತು ಸಾಲಿಗೊಂದು ಒಡ್ಡು ಹಾಕಿದಳು. ಕಲ್ಲುಗಳನ್ನು ಒಬ್ಬಳೇ ಹೊತ್ತಳು. ಒಡ್ಡುಗಳೇ ಎರಡು ಎಕರೆ ನುಂಗಿದವು. ಬಿಸಿಲಿಗೆ ನೆಲ ಬಿರಿದಾಗ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚಿದಳು. ಬಿರಿದಷ್ಟು ಸಲ ಮುಚ್ಚಿದಳು.

ಭಾವ ನಾಲ್ಕು ಜನರನ್ನು ಕರೆದುಕೊಂಡು ನೋಡಲು ಬಂದ. “ತಂಗೀ, ನೇಗಿಲಾ ಹೊಡದೀಯೋ, ಹಾವಿನ ಬೆನ್ನು ಹತ್ತೀಯೋ?”

ಬಂದವರು ನಕ್ಕರು. ಅವಳು ಎತ್ತು ನಿಲ್ಲಿಸಲಿಲ್ಲ. “ನೆಲಾನ ಡೊಂಕ ಐತಿ ಭಾವ. ನಾ ಅದರ ಮಾತು ಕೇಳೀನಿ.”

ಆ ವರ್ಷ ಹಗೇವು ಅರ್ಧ ತುಂಬಿತು. ಅರ್ಧಕ್ಕೆ ಹೊಲ ಸಿಗುವುದಿಲ್ಲ. ಅವಳ ಕೈಯಲ್ಲಿ ಇನ್ನೊಂದೇ ಸುಗ್ಗಿ ಉಳಿಯಿತು.

ಮೂರನೆಯ ವರ್ಷ ಉತ್ತರೆ ಮಳೆ ಒಮ್ಮೆ ಜೋರಾಗಿ ಸುರಿದು ಹೋಯಿತು. ಆಮೇಲೆ ಹಸ್ತ ಮಳೆ ಬರಲಿಲ್ಲ, ಚಿತ್ತಾ ಮಳೆಯೂ ಬರಲಿಲ್ಲ. ಸಮ ಎಂದುಕೊಂಡ ನೆಲಕ್ಕೂ ಒಂದು ವಾಟ, ಒಂದು ಸಣ್ಣ ಇಳಿಜಾರು, ಇರುತ್ತದೆ. ನೀರಿಗೆ ಅದು ಗೊತ್ತು. ಭಾವನ ಹೊಲದ ನೀರು ನೆಟ್ಟನೆಯ ಸಾಲು ಹಿಡಿದು ನೆಟ್ಟಗೆ ಹಳ್ಳಕ್ಕೆ ಹೋಗಿತ್ತು. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಲು, ಎಂದರೆ ಪೈರಿಗೆ ಎಡೆ ಎರಚಲು, ಊರು ಹೊಲಗಳಿಗೆ ಹೊರಟಿತು. ಭಾವನ ಜೋಳ ಸೊಂಟದ ಮಟ್ಟಕ್ಕೆ ನಿಂತು ಎಲೆ ಸುರುಟಿಕೊಂಡಿತ್ತು. ಅವನು ಚರಗ ಚೆಲ್ಲಿ, ಯಾರಿಗೂ ಹೇಳದೆ ಅವಳ ಹೊಲಕ್ಕೆ ಬಂದ. ಅಲ್ಲಿ ತೆನೆ ಅವನ ತಲೆಯ ಮೇಲಿತ್ತು. ಕೋಲಿನ ತುದಿಯನ್ನು ನೆಲಕ್ಕೆ ಊರಿದ. ಕೋಲು ಒಳಗೆ ಇಳಿಯಿತು. ಬಗ್ಗಿ ಒಳಗಿನ ಮಣ್ಣು ತೆಗೆದು ಹಿಡಿದ. ಮುಷ್ಟಿ ಬಿಚ್ಚಿದರೂ ಉಂಡೆ ಒಡೆಯಲಿಲ್ಲ.

“ಬಂದದ್ದು ಒಂದ ಮಳಿ,” ಅಂದ. “ಇಷ್ಟು ಹಸಿ ಎಲ್ಲಿಂದ ತಂದಿ?”

“ಆ ಮಳಿ ನಿಮ್ಮ ಹೊಲಕ್ಕೂ ಬಂದಿತ್ತು ಭಾವ,” ಅಂದಳು ಅವಳು. “ನೀವು ಅದಕ್ಕ ಕುಂದ್ರು ಅನ್ನಲಿಲ್ಲ.”

ಸುಗ್ಗಿಯಲ್ಲಿ ಹಿರಿಯರು ಹಗೇವಿನ ಬಾಯಿಯ ಬಳಿ ನಿಂತು ನೋಡಿದರು. ಕೊನೆಯ ಬುಟ್ಟಿಗೆ ಒಳಗೆ ಜಾಗ ಇರಲಿಲ್ಲ.

ಈಗ ಆ ಎಂಟು ಎಕರೆ ಅವಳದು. ಒಲೆ ಅವಳದು. ಅದಕ್ಕಾಗಿ ಎರಡು ಎಕರೆಯನ್ನು ಒಡ್ಡಿಗೆ ಕೊಟ್ಟಳು, ಎಡಗೈಯ ಕಿರುಬೆರಳನ್ನು ಒಡ್ಡಿನ ಕಲ್ಲಿಗೆ ಕೊಟ್ಟಳು. ನೇಗಿಲು ಹಿಡಿದ ಹೆಂಗಸೆಂದು ಕೆಲವು ಮನೆಗಳವರು ಅವಳನ್ನು ಇಂದಿಗೂ ಆರತಿಗೆ ಕರೆಯುವುದಿಲ್ಲ. ಬಿತ್ತುವ ಮೊದಲು ಮಾತ್ರ ಗೂಟ ಎಲ್ಲಿ ನೆಡಬೇಕೆಂದು ಕೇಳಲು ಬರುತ್ತಾರೆ. ಅವಳು ಹೋಗಿ ತೋರಿಸುತ್ತಾಳೆ.

ಗುರುಗಳು ಕತೆಯನ್ನು ಅಲ್ಲಿಗೆ ಮುಗಿಸಿದರು. ಚನ್ನವೀರ ಕೇಳಿದ: “ಕತೆ ತಿಳಿಯಿತು ಗುರುಗಳೇ. ನನ್ನ ಪ್ರಶ್ನೆಗೆ ಉತ್ತರ?”

“ಕಾಳವ್ವನನ್ನು ಹತ್ತು ಪದ್ಯಗಳೇ ನಾಲ್ಕು ಕಡೆ ತಡೆದು ನಿಲ್ಲಿಸುತ್ತವೆ. ನಿನ್ನ ನೂರು ಪದ್ಯಗಳಲ್ಲಿ ನಿನ್ನನ್ನು ತಡೆದು ನಿಲ್ಲಿಸಿದ ಒಂದನ್ನು ಹೇಳು” ಎಂದರು ಗುರುಗಳು.

ಚನ್ನವೀರ ಮೊದಲ ಪದ್ಯದಿಂದ ಮನಸ್ಸಿನಲ್ಲೇ ಹುಡುಕುತ್ತ ಹೋದ. ನೂರನೆಯದು ಮುಗಿಯುವವರೆಗೂ ಅವನು ಎಲ್ಲೂ ನಿಲ್ಲಲಿಲ್ಲ.